ಸಹಾಯ ಬೇಕು: ತಟ್ಟೆಯ ಫೋಟೋ ನೋಡಿ ಬ್ಯಾಕ್ಟೀರಿಯಾ ಎಣಿಸುವ ಕೃತಕ ಬುದ್ಧಿಮತ್ತೆಯ ಮಾದರಿ ತಪ್ಪುತ್ತಿದೆ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲಗಳ ಮಣ್ಣಿನಿಂದ ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಪಿಕೋವ್‌ಸ್ಕಯಾ ಅಗಾರ್ (ಕರಗದ ರಂಜಕ ಬೆರೆಸಿದ ಜೆಲ್ಲಿಯಂಥ ಪೋಷಕ ಮಾಧ್ಯಮ) ಮೇಲೆ ಬೆಳೆಸಿದ್ದೇನೆ. ರಂಜಕ ಕರಗಿಸಬಲ್ಲ ಕಾಲನಿಯ (ಚುಕ್ಕೆಯಂತೆ ಕಾಣುವ ಬ್ಯಾಕ್ಟೀರಿಯಾಗಳ ಗುಂಪು) ಸುತ್ತ ತಿಳಿಯಾದ ವಲಯ ಮೂಡುತ್ತದೆ, ನೋಡಲು ಬಲು ಚೆಂದ. ಆದರೆ ತಟ್ಟೆಗೆ 30ರಿಂದ 300 ಕಾಲನಿಗಳನ್ನು ಕಣ್ಣಿನಿಂದ ಎಣಿಸಿ ದಣಿದು, ಮೊಬೈಲ್ ಫೋಟೋಗಳಿಂದ ಕೃತಕ ಬುದ್ಧಿಮತ್ತೆಯ ಮಾದರಿಯೊಂದಕ್ಕೆ ತರಬೇತಿ ಕೊಟ್ಟೆ. ಅದು ಅಂಟಿಕೊಂಡ ಎರಡು ಕಾಲನಿಗಳನ್ನು ಒಂದೆಂದೇ ಎಣಿಸುತ್ತದೆ. ಟ್ಯೂಬ್‌ಲೈಟಿನ ಹೊಳಪನ್ನೂ ತಿಳಿ ವಲಯವೆಂದು ಗುರುತಿಸುತ್ತದೆ. ನನ್ನಲ್ಲಿರುವುದು 140 ಚಿತ್ರಗಳು ಮಾತ್ರ.

ಮಣ್ಣು ಕೊಟ್ಟ ರೈತರಿಗೆ ತಪ್ಪು ಸಂಖ್ಯೆ ಹೇಳಲು ಮನಸ್ಸು ಒಪ್ಪುತ್ತಿಲ್ಲ. ಇಂಥ ಕೆಲಸ ಮಾಡಿದವರು ಹುಬ್ಬಳ್ಳಿ-ಧಾರವಾಡದಲ್ಲಿದ್ದರೆ ದಯವಿಟ್ಟು ತಿಳಿಸಿ. ಕೈಯಿಂದ ಗುರುತು ಹಾಕಿದ ತಟ್ಟೆಯ ಚಿತ್ರಗಳಿದ್ದರೆ ಇನ್ನೂ ಉಪಕಾರ. ಭಾನುವಾರ ಲ್ಯಾಪ್‌ಟಾಪ್ ಹಿಡಿದು ನೀವಿರುವಲ್ಲಿಗೇ ಬರುತ್ತೇನೆ.