ಭಟ್ಟರು ಹಳಬರು, ಪಾತ್ರೆ ಹೊಸದು

ಪೆನ್‌ಡ್ರೈವ್ ಹಿಡಿದು ಒಂದೊಂದೇ ಕಂಪ್ಯೂಟರಿನ ಮುಂದೆ ಮಂಡಿಯೂರಿ ಲಿನಕ್ಸ್ ಹಾಕುವುದು ಅನಾಗರಿಕರ ಪದ್ಧತಿಯೆಂದು ಒಂದು ತಿಂಗಳಿನಿಂದ ಎಲ್ಲರಿಗೂ ಉಪದೇಶಿಸುತ್ತಿದ್ದ ಸೀನ, 2023ರ ಅಕ್ಟೋಬರಿನ ಆ ಸಂಜೆ ಕಾಫಿಯ ಲೋಟವನ್ನೂ ಮುಟ್ಟದೆ ಕುಳಿತಿದ್ದನ್ನು ಕಂಡು ರಾಯರಿಗೆ ಒಳಗೊಳಗೇ ಸಂತೋಷವಾಯಿತು.

"ಲ್ಯಾಬಿನ ಇಪ್ಪತ್ತು ಯಂತ್ರಗಳೂ ನೆಟ್‌ವರ್ಕಿನಿಂದಲೇ ಬೂಟ್ ಆದವು, ರಾಯರೇ. ಡಿಎಚ್‌ಸಿಪಿ ವಿಳಾಸ ಕೊಟ್ಟಿತು, ಕಡತ ಸಾಗಿಸುವ ಟಿಎಫ್‌ಟಿಪಿ ಲಿನಕ್ಸಿನ ತಿರುಳಾದ ಕರ್ನೆಲ್ ಕಳುಹಿಸಿತು, ಡೆಬಿಯನ್ ಲಿನಕ್ಸ್ 12ರ ಇನ್‌ಸ್ಟಾಲರ್ ಎದ್ದು ಭಾಷೆಯನ್ನೂ ಕೇಳಿತು. ಆಮೇಲೆ ಡಿಸ್ಕು ಮೊದಲಾದವನ್ನು ನಡೆಸಲು ಬೇಕಾದ ಕರ್ನೆಲ್ ಮಾಡ್ಯೂಲುಗಳೇ ಸಿಗುತ್ತಿಲ್ಲ, ಅವಿಲ್ಲದೆ ಮುಂದುವರಿಯಲೇ ಎಂದಿತು. ಹೌದು ಎಂದೆ. ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಎಂದಿತು. ಜೂನ್ ತಿಂಗಳಲ್ಲಿ ಇದೇ ನೆಟ್‌ಬೂಟ್ ಇಮೇಜು, ಅಂದರೆ ನೆಟ್‌ವರ್ಕಿನಿಂದ ಬೂಟ್ ಮಾಡುವ ಕಡತಗಳ ಕಟ್ಟು, ಚೆನ್ನಾಗಿ ನಡೆದಿತ್ತು. ನಾನು ಅದನ್ನು ಮುಟ್ಟಿಯೂ ಇಲ್ಲ."

"ಮುಟ್ಟದೇ ಇದ್ದದ್ದೇ ಅಪರಾಧ" ಎಂದರು ರಾಯರು. "ಮದುವೆಗೆ ಬರುವ ಅಡುಗೆಭಟ್ಟರು ಸೌಟು ಮಾತ್ರ ತಂದು, ಪಾತ್ರೆಗಳನ್ನು ಛತ್ರದವರಿಂದ ಪಡೆಯುವಂತೆ, ನಿನ್ನ ನೆಟ್‌ಬೂಟ್ ಇಮೇಜು ಕರ್ನೆಲನ್ನೂ ನೆಟ್‌ವರ್ಕ್ ಕಾರ್ಡಿಗೆ ಬೇಕಾದಷ್ಟನ್ನೂ ಹೊತ್ತು ತಂದು, ಡಿಸ್ಕಿನ ಮಾಡ್ಯೂಲುಗಳನ್ನು ಡೆಬಿಯನ್ ಕಡತಗಳ ಪ್ರತಿ ಇಟ್ಟುಕೊಂಡಿರುವ ಮಿರರಿನಿಂದ ಕೇಳುತ್ತದೆ. ನಿನ್ನ ಭಟ್ಟರು ಜೂನ್ 10ರ ಬಿಡುಗಡೆಯ ಕರ್ನೆಲ್ 6.1.0-9. ಮೊನ್ನೆ ಅಕ್ಟೋಬರ್ 7ರಂದು 12.2 ಎಂಬ ಪರಿಷ್ಕರಣೆ ಬಂದಾಗ ಛತ್ರದವರು ಉಗ್ರಾಣವನ್ನೇ 6.1.0-13ಕ್ಕೆ ಬದಲಿಸಿದರು. ಆ ಪಾತ್ರೆ ಈ ಭಟ್ಟರ ಒಲೆಗೆ ಕೂರುವುದಿಲ್ಲ."

"ಪಾತ್ರೆಯೇ ಇಲ್ಲದೆ ಅಡುಗೆ ಮಾಡಲೇ ಎಂದು ಭಟ್ಟರು ವಿನಯದಿಂದ ಕೇಳಿದಾಗ ಹೌದು ಎಂದೆಯಲ್ಲ, ಮಹಾರಾಯ!" ಎಂದಳು ಪದ್ದಿ.

"ನಾನು ಸುಮ್ಮನೆ ಕೂರಲಿಲ್ಲ. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಕೊನೆಗೆ ಮೂರು ದೇಶಗಳ ಮಿರರುಗಳನ್ನೂ ಬದಲಿಸಿದೆ."

"ಮಿರರ್ ಎಂದರೆ ಕನ್ನಡಿಯಪ್ಪ. ಕನ್ನಡಿ ಬದಲಿಸಿದರೆ ಮುಖ ಬದಲಾದೀತೇ?" ಎಂದರು ರಾಯರು.

ಸೀನನಿಗೆ ರೇಗಿತು. "ಹಾಗಾದರೆ ಡೆಬಿಯನ್ನಿನ ಈ ಆವೃತ್ತಿಯನ್ನು ಸ್ಟೇಬಲ್ ಎಂದು ಕರೆಯುವುದೇಕೆ?"

"ಛತ್ರ ಸ್ಥಿರವಾಗಿಯೇ ಇದೆ. ಭದ್ರತೆಯ ಲೋಪವಿದ್ದ ಕರ್ನೆಲನ್ನು ತಿದ್ದಿದ್ದಾರೆ, ಅಂದರೆ ತೂತು ಬಿದ್ದ ಕೊಳದಪ್ಪಲೆಯನ್ನು ತೆಗೆದಿಟ್ಟಿದ್ದಾರೆ; ಅದಕ್ಕೂ ನಿನ್ನ ಒಪ್ಪಿಗೆ ಬೇಕಿತ್ತೇ? ಈಗ ಹೊಸ ಕರ್ನೆಲನ್ನೂ ಅದರೊಡನೆ ಆರಂಭಕ್ಕೆ ಬೇಕಾದ ಕಡತವಾದ ಇನಿಟ್‌ಆರ್‌ಡಿಯನ್ನೂ ಜೊತೆಯಾಗಿಯೇ ತಂದು, ಕಡತ ಕೆಟ್ಟಿಲ್ಲವೆಂದು ಚೆಕ್‌ಸಮ್ ತಾಳೆ ನೋಡಿ ಟಿಎಫ್‌ಟಿಪಿಯಲ್ಲಿ ಇಡು. ಒಂದನ್ನೇ ತಂದರೆ ಹೊಸ ಭಟ್ಟರ ಕೈಗೆ ಹಳೆಯ ಸೌಟು ಕೊಟ್ಟಂತೆ. ಮುಂದಿನ ಪರಿಷ್ಕರಣೆ ಬಂದಾಗ ಮತ್ತೆ ಇದೇ ಕೆಲಸ."

"ಪೆನ್‌ಡ್ರೈವಿಗೆ ಬರೆಯುವ ಸಣ್ಣ ಇನ್‌ಸ್ಟಾಲರ್, ಆ ನೆಟ್‌ಇನ್‌ಸ್ಟ್ ಐಎಸ್‌ಒ ಬಳಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲವಲ್ಲ?" ಎಂದಳು ಪದ್ದಿ.

"ಇರುತ್ತಿರಲಿಲ್ಲ. ಆ ಭಟ್ಟರು ಪಾತ್ರೆಗಳನ್ನೂ ತಾವೇ ಹೊತ್ತು ತರುತ್ತಾರೆ. ಆದರೆ ಅವರನ್ನು ಪೆನ್‌ಡ್ರೈವಿನಲ್ಲಿ ಕೂರಿಸಿ ಕರೆತರಬೇಕು, ಅದು ಅನಾಗರಿಕರ ಪದ್ಧತಿ."

ಸೀನ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ರಾಯರ ದನಿ ಸ್ವಲ್ಪ ಇಳಿಯಿತು.

"2005ರಲ್ಲಿ ಡೆಬಿಯನ್ನಿನ ಸಾರ್ಜ್ ಆವೃತ್ತಿ ಬಂದಾಗ ನಾಣಿ ರಾತ್ರಿಯಿಡೀ ಕುಳಿತು ಡೌನ್‌ಲೋಡ್ ಮಾಡಿ ನನಗೊಂದು ಸಿಡಿ ಬರೆದುಕೊಟ್ಟಿದ್ದ. 'ಜೋಪಾನ, ಗೀರು ಬೀಳದಿರಲಿ' ಎಂದು ಮಾರ್ಕರಿನಲ್ಲಿ ಬರೆದಿದ್ದ ಅಕ್ಷರ ಇನ್ನೂ ಮಾಸಿಲ್ಲ. ನಾಣಿ ಈಗ ಯಾವ ಊರಿನಲ್ಲಿದ್ದಾನೋ ತಿಳಿಯದು. ಆ ಸಿಡಿಗೆ ಮಾತ್ರ ಇಂದಿಗೂ ಯಾರ ಉಗ್ರಾಣದ ಹಂಗೂ ಇಲ್ಲ."

"ಈಚೆಗೆ ಹಾಕಿ ನೋಡಿದ್ದೀರಾ?" ಎಂದು ಪದ್ದಿ ಕೇಳಿದಳು.

"ಎಲ್ಲಿ ಹಾಕಲಮ್ಮ? ನಮ್ಮ ಮನೆಯ ಯಾವ ಕಂಪ್ಯೂಟರಿಗೂ ಈಗ ಸಿಡಿ ಡ್ರೈವ್ ಇಲ್ಲ."