ಬ್ರೌಸರ್ ನಮ್ಮ ಪುಟಕ್ಕೆ ತಾನೇ ಲಿಂಕ್ ಸೇರಿಸುವುದು ಸರಿಯೇ? ತಡೆಯೋದು ಹೇಗೆ?

ನೇತ್ರಾವತಿ_ವೆಬ್:
ಕರೆಂಟ್ ಬಿಲ್ ವಿವರ ತೋರಿಸುವ ಪುಟವೊಂದಿದೆ. ಅದರಲ್ಲಿರುವ 10 ಅಂಕಿಯ ಅಕೌಂಟ್ ಐಡಿಯನ್ನು ಐಫೋನಿನ ಸಫಾರಿ ಫೋನ್ ನಂಬರ್ ಅಂದುಕೊಂಡು ಲಿಂಕ್ ಮಾಡಿಬಿಡುತ್ತದೆ. ಸರ್ವರ್ ಕಳಿಸುವ ಎಚ್‌ಟಿಎಂಎಲ್‌ನಲ್ಲಿ ಆ ಲಿಂಕ್ ಇಲ್ಲವೇ ಇಲ್ಲ. ಎಚ್‌ಟಿಟಿಪಿಎಸ್ (ಪುಟವನ್ನು ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ) ಇದೆ, ಸಿಎಸ್‌ಪಿ ಹೆಡರ್ (ಪುಟದಲ್ಲಿ ಯಾವ ಸ್ಕ್ರಿಪ್ಟ್ ಓಡಬಹುದು ಎಂದು ಬ್ರೌಸರ್‌ಗೆ ಹೇಳುವ ನಿಯಮ) ಬಿಗಿಯಾಗಿದೆ. ಆದರೂ ಇದು ಎಲ್ಲಿಂದ ನುಸುಳುತ್ತದೆ? ಓದುಗರ ಅನುಕೂಲ ಅಂತ ಸುಮ್ಮನಿರಬೇಕೇ?

ಕೋಡ್_ಕಣಜ:
ಎಚ್‌ಟಿಟಿಪಿಎಸ್ ತಡೆಯೋದು ದಾರಿಯಲ್ಲಿ ಕೈ ಹಾಕುವವರನ್ನು. 2015ರಲ್ಲಿ ಏರ್‌ಟೆಲ್ 3ಜಿ ಜಾಲದಲ್ಲಿ ಪುಟಗಳಿಗೆ ಸ್ಕ್ರಿಪ್ಟ್ ತುರುಕುತ್ತಿದ್ದದ್ದನ್ನು ಬೆಂಗಳೂರಿನವರೇ ಪತ್ತೆ ಮಾಡಿದ್ದು ನೆನಪಿರಬಹುದು. ಅಂಥದ್ದಕ್ಕೆ ಅದು ಮದ್ದು. ಬ್ರೌಸರ್ ಕೆಲಸ ಶುರುವಾಗುವುದು ಗೂಢಲಿಪಿ ಬಿಚ್ಚಿದ ಮೇಲೆ. ಸಿಎಸ್‌ಪಿಯನ್ನು ಜಾರಿ ಮಾಡುವುದೂ ಅದೇ ಬ್ರೌಸರ್, ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದಿಲ್ಲ.

ಪರಿಹಾರ: ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲಿ ಒಂದು ಮೆಟಾ ಟ್ಯಾಗ್ (ಬ್ರೌಸರ್‌ಗೆ ಸೂಚನೆ) ಹಾಕಿ. ನೇಮ್ ‘ಫಾರ್ಮ್ಯಾಟ್-ಡಿಟೆಕ್ಷನ್’, ಕಂಟೆಂಟ್ ‘ಟೆಲಿಫೋನ್=ನೋ’. ಆಮೇಲೆ ಐಫೋನನ್ನು ಮ್ಯಾಕ್‌ಗೆ ಜೋಡಿಸಿ, ವೆಬ್ ಇನ್‌ಸ್ಪೆಕ್ಟರ್‌ನ ಎಲಿಮೆಂಟ್ಸ್‌ನಲ್ಲಿ ಆ ಅಂಕಿಯ ಸುತ್ತ ಆಂಕರ್ ಟ್ಯಾಗ್ (ಲಿಂಕ್ ಮಾಡುವ ಟ್ಯಾಗ್) ಉಳಿದಿದೆಯೇ ನೋಡಿ. ಸರ್ವರ್ ಕಳಿಸಿದ ಸೋರ್ಸ್ ನೋಡಿದರೆ ಏನೂ ಕಾಣುವುದಿಲ್ಲ, ಡಾಮ್ (ಬ್ರೌಸರ್ ತನ್ನೊಳಗೆ ಕಟ್ಟಿಕೊಂಡ ಪುಟದ ರೂಪ) ನೋಡಬೇಕು.

ಮಲೆನಾಡು_ಡೆವ್:
ಅನುವಾದದ ಕಾಟ ಇದಕ್ಕಿಂತ ದೊಡ್ಡದು. ಕ್ರೋಮ್ ಪುಟವನ್ನು ಅನುವಾದಿಸುವಾಗ ಪ್ರತಿ ಪಠ್ಯವನ್ನೂ ಫಾಂಟ್ ಟ್ಯಾಗ್‌ಗಳಲ್ಲಿ ಸುತ್ತುತ್ತದೆ. ಪುಟ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್ ಮಾತ್ರ ಹಳೆಯ ಟೆಕ್ಸ್ಟ್ ನೋಡ್ (ಡಾಮ್‌ನಲ್ಲಿರುವ ಪಠ್ಯದ ತುಣುಕು) ಅನ್ನೇ ಹಿಡಿದುಕೊಂಡಿರುತ್ತದೆ. ಆ ನೋಡ್ ತೆಗೆಯಲು ಹೋದಾಗ ‘ರಿಮೂವ್‌ಚೈಲ್ಡ್’ ದೋಷ ಬಂದು ಪರದೆ ಖಾಲಿಯಾಗಬಹುದು. ದೋಷ ಬಂದರೂ ವಾಸಿ. ಕೆಲವೊಮ್ಮೆ ಒಳಗೆ ಮೊತ್ತ ಬದಲಾಗಿ, ಪರದೆಯ ಮೇಲೆ ಹಳೆಯದೇ ಉಳಿಯುತ್ತದೆ. ಬಿಲ್ಲಿನ ಪುಟದಲ್ಲಿ ಇದು ನಿಜಕ್ಕೂ ಅಪಾಯ.

ಷರತ್ತಿನ ಮೇಲೆ ಬಂದು ಹೋಗುವ ಪಠ್ಯವನ್ನೆಲ್ಲ ಸ್ಪ್ಯಾನ್ ಟ್ಯಾಗ್ ಒಳಗಿಡಿ. ಮೊತ್ತ, ಐಡಿಗಳಿಗೆ ‘ಟ್ರಾನ್ಸ್‌ಲೇಟ್=ನೋ’ ಕೊಡಿ. ಇಡೀ ಪುಟಕ್ಕೆ ಅನುವಾದ ನಿಲ್ಲಿಸಬೇಡಿ, ಕನ್ನಡ ಓದಲು ಬಾರದವರಿಗೆ ಅದೇ ಆಧಾರ. ಟೆಂಪ್ಲೇಟ್‌ನಿಂದ ಬಂದ ಲ್ಯಾಂಗ್ ಗುಣ (ಪುಟದ ಭಾಷೆ ಹೇಳುವುದು) ‘ಇಎನ್’ (ಇಂಗ್ಲಿಷ್) ಆಗಿದ್ದರೆ ‘ಕೆಎನ್’ (ಕನ್ನಡ) ಮಾಡಿ. ಬಹಳ ಸೈಟ್‌ಗಳಲ್ಲಿ ಇದೇ ತಪ್ಪು.

ಹಳೇಜಾಲ:
ಸರಿಯೇ ಎಂಬ ಪ್ರಶ್ನೆಗೆ: ಓದುಗ ಗುಂಡಿ ಒತ್ತಿ ಕೇಳಿದರೆ ಸರಿ, ಕೇಳದೆ ಸೇರಿಸಿದರೆ ತಪ್ಪು. 2001ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಬೀಟಾದಲ್ಲಿ ಮೈಕ್ರೋಸಾಫ್ಟ್ ‘ಸ್ಮಾರ್ಟ್ ಟ್ಯಾಗ್ಸ್’ ತಂದು, ಯಾರದೋ ಪುಟದ ಪದಗಳ ಕೆಳಗೆ ತನ್ನ ಗೆರೆ ಎಳೆಯಿತು. ವಿರೋಧ ಬಂದು ಜೂನ್‌ನಲ್ಲೇ ಕೈಬಿಟ್ಟಿತು. 2005ರ ಗೂಗಲ್ ಟೂಲ್‌ಬಾರ್‌ನ ‘ಆಟೋಲಿಂಕ್’ ಗುಂಡಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತಿತ್ತು, ಆದರೆ ಪುಸ್ತಕದ ಐಎಸ್‌ಬಿಎನ್ ಸಂಖ್ಯೆಯ ಲಿಂಕ್ ಅಮೆಜಾನ್‌ಗೆ ಹೋಗುತ್ತಿತ್ತು. ಲಿಂಕ್ ಎಲ್ಲಿಗೆ ಹೋಗಬೇಕು ಎಂದು ಬ್ರೌಸರ್ ಕಂಪನಿ ತೀರ್ಮಾನಿಸಿದಲ್ಲೇ ನನ್ನ ತಕರಾರು. 2024ರಲ್ಲಿ ಐಫೋನಿನ ಗೂಗಲ್ ಆ್ಯಪ್ ಪುಟದ ಪದಗಳಿಂದ ತನ್ನದೇ ಹುಡುಕಾಟಕ್ಕೆ ಲಿಂಕ್ ಕೊಡಲು ಶುರುಮಾಡಿತು. ಬೇಡವೆಂದರೆ ಸೈಟಿನವರೇ ಫಾರ್ಮ್ ತುಂಬಬೇಕು. ಹೊರೆ ಹೊರಬೇಕಾದವರು ಸೇರಿಸುವವರು, ನಾವಲ್ಲ.

ನೇತ್ರಾವತಿ_ವೆಬ್:
ಮೆಟಾ ಟ್ಯಾಗ್ ಹಾಕಿದರೆ ಸಹಾಯವಾಣಿ 1912 ಕೂಡ ಲಿಂಕ್ ಆಗುವುದಿಲ್ಲವಲ್ಲ?

ಕೋಡ್_ಕಣಜ:
ಅದಕ್ಕೆ ನೀವೇ ‘ಟೆಲ್:1912’ ಎಂದು ಆಂಕರ್ ಬರೆಯಿರಿ. ಮೆಟಾ ಟ್ಯಾಗ್ ತಡೆಯುವುದು ಊಹೆಯ ಲಿಂಕನ್ನು ಮಾತ್ರ, ನೀವು ಬರೆದದ್ದು ಹಾಗೇ ಕೆಲಸ ಮಾಡುತ್ತದೆ.