ಪ್ಯಾಂಟೋನ್ ಸಂಖ್ಯೆ ಕೊಟ್ಟರೂ ಲೆಟರ್‌ಹೆಡ್‌ನಲ್ಲಿ ಕಿತ್ತಳೆ ಮಂಕಾಗಿದೆ: ದೋಷ ಎಲ್ಲಿದೆ?

ವಿನ್ಯಾಸಕಿ:
ಸಂಖ್ಯೆ ಕೊಟ್ಟ ಮೇಲೂ ಬಣ್ಣ ತಪ್ಪುವುದಾದರೆ ಸಂಖ್ಯೆಯಾದರೂ ಯಾಕೆ ಬೇಕು ಎನ್ನುವಷ್ಟು ಬೇಸರವಾಗಿದೆ. ಲೋಗೋಗೆ ಪ್ಯಾಂಟೋನ್ (ಮುದ್ರಣದ ಬಣ್ಣಗಳಿಗೆ ಸಂಖ್ಯೆ ಕೊಡುವ ಪದ್ಧತಿ) ಆರೆಂಜ್ 021 ಸಿ ಎಂದು ಸ್ಪಷ್ಟವಾಗಿ ನಮೂದಿಸಿದ್ದೆ. ಪರದೆಯ ಮೇಲೆ ಕೆಂಡದಂತೆ ಕಾಣುವ ಬಣ್ಣ ಮುದ್ರಣದಲ್ಲಿ ಇಟ್ಟಿಗೆಪುಡಿಯಂತಾಗಿದೆ. ಕಡತದಲ್ಲಿ ತಪ್ಪಿಲ್ಲ.

ವರ್ಣಪಟ:
ಮಾನಿಟರ್ ಕ್ಯಾಲಿಬ್ರೇಟ್ ಆಗಿಲ್ಲ, ಅಂದರೆ ಬಣ್ಣ ಸರಿಯಾಗಿ ತೋರುವಂತೆ ಹೊಂದಿಸಿಲ್ಲ, ಅಷ್ಟೇ. ನಾನು ತಿಂಗಳಿಗೊಮ್ಮೆ ಕಲರಿಮೀಟರ್ ಇಟ್ಟು ಅಳೆಯುತ್ತೇನೆ, ಪರದೆಗೆ ಮರೆ ಕಟ್ಟಿದ್ದೇನೆ, ಹಿಂದಿನ ಗೋಡೆಗೂ ಬೂದು ಬಣ್ಣ ಬಳಿಸಿದ್ದೇನೆ.

ಮಸಿಮನೆ:
ಎಲ್ಲರೂ ಒಂದೇ ಮುದ್ರಿತ ಮಾದರಿಯನ್ನು ನೋಡಿ ಬಣ್ಣ ಹೊಂದಿಸಲೆಂದೇ 1963ರಲ್ಲಿ ಪ್ಯಾಂಟೋನ್ ಪದ್ಧತಿ ಬಂದದ್ದು; ಪರದೆಯನ್ನು ನೆಚ್ಚಬಾರದು. ಹೋಲಿಸಬೇಕಾದದ್ದು ಗೈಡಿನ, ಅಂದರೆ ಪ್ಯಾಂಟೋನ್‌ನ ಬಣ್ಣದ ಮಾದರಿ ಪುಸ್ತಕದ, ಚೀಟಿಯೊಂದಿಗೆ. ಕಾಗದ ಯಾವುದು? ಆ ಬಣ್ಣಕ್ಕೆಂದೇ ಇರುವ ಸ್ಪಾಟ್ ಶಾಯಿಯೋ, ಸಯಾನ್, ಮಜೆಂಟಾ, ಹಳದಿ, ಕಪ್ಪು ಚುಕ್ಕೆಗಳಿಂದಾಗುವ ನಾಲ್ಕು ಬಣ್ಣದ (ಸಿಎಂವೈಕೆ) ಮುದ್ರಣವೋ?

ವರ್ಣಪಟ:
ಕಾಗದದ ಮಾತು ಆಮೇಲೆ ಬರಲಿ. ನಿಮ್ಮ ಗೈಡಿಗೆ ವಯಸ್ಸೆಷ್ಟು? ಬೆಳಕಿಗೆ ಮಾಸಿದ ಚೀಟಿಯನ್ನು ಹಿಡಿದು ಪರದೆಯನ್ನು ದೂರುವುದು ನ್ಯಾಯವಲ್ಲ.

ಮಸಿಮನೆ:
ನನ್ನ ಗೈಡು ಹೊಸದು, ಲಕೋಟೆಯಲ್ಲೇ ಇರುತ್ತದೆ. ಪ್ರಶ್ನೆ ಕೇಳಿದವರು ಉತ್ತರಿಸಲಿ. ಅಕ್ಷರದ ಅಂಚನ್ನು ಲೂಪ್‌ನಲ್ಲಿ (ಭೂತಗನ್ನಡಿಯಲ್ಲಿ) ನೋಡಿ ಹೇಳಲಿ.

ವಿನ್ಯಾಸಕಿ:
ಕಾಗದ ಲೇಪನವಿಲ್ಲದ್ದು, ಲೆಟರ್‌ಹೆಡ್ ಎಂದರೆ ಅದು ತಿಳಿದೇ ಇರುತ್ತದೆ ಎಂದುಕೊಂಡಿದ್ದೆ. ಲೂಪ್‌ನಲ್ಲಿ ಹಳದಿಯ ಮೇಲೆ ಮಜೆಂಟಾ ಚುಕ್ಕೆಗಳು ಕಾಣುತ್ತಿವೆ.

ಮಸಿಮನೆ:
ಹಾಗಾದರೆ 021 ಶಾಯಿ ಯಂತ್ರಕ್ಕೆ ಹೋಗಿಯೇ ಇಲ್ಲ. ಅದು ಪ್ಯಾಂಟೋನ್‌ನ ಮೂಲ ಶಾಯಿಗಳಲ್ಲೊಂದು. ಹಳದಿ ಮತ್ತು ಮಜೆಂಟಾ ಚುಕ್ಕೆಗಳನ್ನು ಎಷ್ಟೇ ಬೆರೆಸಿದರೂ ಆ ಹೊಳಪು ಸಿಗುವುದಿಲ್ಲ, ಏಕೆಂದರೆ ಆ ಬಣ್ಣ ಸಿಎಂವೈಕೆ ವ್ಯಾಪ್ತಿಯ ಹೊರಗಿದೆ. ಅದರ ಮೇಲೆ ಲೇಪನವಿಲ್ಲದ ಕಾಗದ ಶಾಯಿಯನ್ನು ಹೀರಿಕೊಂಡು ಇನ್ನಷ್ಟು ಮಂಕುಗೊಳಿಸುತ್ತದೆ. ಸಿ ಮತ್ತು ಯು ಚೀಟಿಗಳಲ್ಲಿರುವುದು ಒಂದೇ ಶಾಯಿ, ಬೇರೆಯಾಗಿರುವುದು ಕಾಗದ: ಸಿ ಲೇಪಿತ, ಯು ಲೇಪನವಿಲ್ಲದ್ದು. ಆದ್ದರಿಂದ ನೀವು ಸಿ ಚೀಟಿ ನೋಡಿ ಯು ಕಾಗದದಲ್ಲಿ ಫಲ ನಿರೀಕ್ಷಿಸಿದ್ದೀರಿ. ಪಿಡಿಎಫ್ ತೆರೆದು, ಒಂದೊಂದು ಶಾಯಿಯನ್ನೂ ಬೇರೆಯಾಗಿ ತೋರಿಸುವ ಸೆಪರೇಷನ್ ಪ್ರಿವ್ಯೂನಲ್ಲಿ ಎಷ್ಟು ಪ್ಲೇಟ್‌ಗಳಿವೆ ನೋಡಿ; ಪ್ರತಿ ಶಾಯಿಗೂ ಒಂದು ಪ್ಲೇಟ್.

ವರ್ಣಪಟ:
ಪ್ಲೇಟ್ ಯಾವುದಾದರೂ ಆಗಲಿ, ಕ್ಯಾಲಿಬ್ರೇಷನ್ ಇಲ್ಲದೆ ಮುಂದಿನ ಕೆಲಸವೂ ಕೆಡುತ್ತದೆ.

ವಿನ್ಯಾಸಕಿ:
ನಾಲ್ಕೇ ಪ್ಲೇಟ್‌ಗಳಿವೆ. ಪಿಡಿಎಫ್ ರಫ್ತು ಮಾಡುವಾಗ ಸ್ಪಾಟ್ ಬಣ್ಣಗಳನ್ನೆಲ್ಲ ಪ್ರೊಸೆಸ್‌ಗೆ (ನಾಲ್ಕು ಬಣ್ಣಕ್ಕೆ) ಬದಲಿಸುವ ಆಯ್ಕೆ ಆನ್ ಆಗಿತ್ತು; ತಪ್ಪು ನನ್ನ ಕಡತದಲ್ಲೇ ಇತ್ತು. ಅದನ್ನು ತೆಗೆದು ಮತ್ತೆ ಕಳಿಸುತ್ತೇನೆ. ಆದರೆ 021 ಯು ಚೀಟಿಯನ್ನು ಗ್ರಾಹಕರು ಒಪ್ಪದಿದ್ದರೆ ಲೇಪಿತ ಕಾಗದಕ್ಕೆ ಹೋಗಲೇ? ಅದರ ಮೇಲೆ ಪೆನ್ನಿನಿಂದ ಸಹಿ ಹಾಕಿದರೆ ಮಸಿ ಹರಡುವುದಿಲ್ಲವೇ?